ದೋಣಿಗೊಂದು ರಿಸರ್ವ್

ಆಗ ನನಗೆ ಅರವತ್ತೆರಡು. ಈಗ ಅರವತ್ತೇಳು. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಾಮರಾಜಪೇಟೆಯ ನಮ್ಮ ಬ್ಯಾಟರಿ ಅಂಗಡಿಗೆ ಒಬ್ಬ ಬಂದ. ಎಡಗೈಯಲ್ಲಿ ಬ್ಯಾಟರಿ ಹಿಡಿದಿದ್ದ, ತರಕಾರಿ ಚೀಲ ಹಿಡಿದ ಹಾಗೆ. ನನಗೆ ಸಿಟ್ಟು ಬಂತು.

“ಯಾರಯ್ಯ ನೀನು? ಖಾಲಿ ಡಬ್ಬ ತಂದಿದೀಯಲ್ಲ, ಒಳಗಿಂದೆಲ್ಲ ಎಲ್ಲಿ?”

“ಖಾಲಿ ಅಲ್ಲ ಅಕ್ಕ. ಇದು ಲಿಥಿಯಂ.”

ಬ್ಯಾಟರಿ ಎಂದರೆ ನನಗೆ ಸೊಂಟ ಬಗ್ಗಿಸಿ, ಉಸಿರು ಕಟ್ಟಿ ಎತ್ತುವ ವಸ್ತು. ಅದನ್ನು ಒಂದು ಕೈಯಲ್ಲಿ ತೂಗಾಡಿಸಿಕೊಂಡು ಬಂದವನನ್ನು ಕಂಡು, ನನ್ನ ಕಾಲ ಮುಗಿಯಿತು ಅನ್ನಿಸಿತು. ಪೂರ್ತಿ ಮುಗಿದಿರಲಿಲ್ಲ. ಆ ಕಥೆಯನ್ನೇ ಬರೆಯುತ್ತಿದ್ದೇನೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮನೆಗೆ ಬಂದು ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ನಾನು ಓದಿರುವುದು ಮೂರನೆಯ ಕ್ಲಾಸು. ಒತ್ತಕ್ಷರಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ಮೊದಲು ಅಂಗಡಿಯ ವಿಷಯ ಹೇಳಿಬಿಡುತ್ತೇನೆ. ಗಂಡ ತೀರಿಕೊಂಡ, ಇಬ್ಬರು ಮಕ್ಕಳಿದ್ದರು, ಕೆಲಸ ಬೇಕಿತ್ತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಕರೀಂ ಸಾಬರ ಬ್ಯಾಟರಿ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದೆ. ಅವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು, ನಾನೂ ಅಂದೆ. ನೆಲದ ಮೇಲೆ ಚೆಲ್ಲಿದ ಆಸಿಡ್ಡಿಗೆ ಸೋಡಾ ಪುಡಿ ಹಾಕಿ ಬಳಿಯುವುದು ನನ್ನ ಕೆಲಸ. ಒಂದು ತಿಂಗಳಿಗೆ ಸೀರೆಗಳೆಲ್ಲ ಜರಡಿಯಾದವು. ಉಸ್ತಾದರು ತಮ್ಮ ಹಳೆಯ ಖಾಕಿ ಶರ್ಟು ಕೊಟ್ಟು, ಸೀರೆ ಮೇಲೆ ಹಾಕಿಕೋ ಅಂದರು. ಬೀದಿಯವರು “ಇನ್‌ಸ್ಪೆಕ್ಟರ್ ನಿಂಗಮ್ಮ” ಎಂದು ರೇಗಿಸಿದರು. ರೇಗಿಸಿಕೊಳ್ಳಲಿ, ಸೀರೆ ಉಳಿಯಿತು.

ಸೀಸ ಕರಗಿಸುವಾಗ ಹೊಗೆ ಬರುತ್ತಿತ್ತು. ಬೆಲ್ಲ ತಿಂದರೆ ಹೊಗೆ ಒಳಗೆ ನಿಲ್ಲುವುದಿಲ್ಲ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ದಿನಾ ತಿಂದೆವು. ಬೆಲ್ಲ ಚೆನ್ನಾಗಿತ್ತು, ಅಷ್ಟೇ. ನೀವು ಮಾಸ್ಕ್ ಹಾಕಿಕೊಳ್ಳಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ಬೆಲ್ಲ ಬೇಕಿದ್ದರೆ ಆಮೇಲೆ ತಿನ್ನಿ.

ಉಸ್ತಾದರು ನನಗೆ ಕೆಲಸ ಕಲಿಸಲಿಲ್ಲ. ಪಕ್ಕದಲ್ಲಿ ನಿಂತು ನೋಡಿದರೆ ಬೈಯಲೂ ಇಲ್ಲ. ಕಲಿತೆ. ಬ್ಯಾಟರಿ ನೋಡಲು ಅವರ ಹತ್ತಿರ ಇದ್ದದ್ದು ಒಂದೇ ಸಾಮಾನು: ಲಾರಿಯ ಹೆಡ್‌ಲೈಟ್ ಬಲ್ಬು, ಅದಕ್ಕೆ ಎರಡು ವೈರು. ಬ್ಯಾಟರಿಗೆ ಮುಟ್ಟಿಸಿದಾಗ ಬಲ್ಬು ಬೆಳ್ಳಗೆ ಉರಿದರೆ ತುಂಬಿದೆ, ಹಳದಿಗೆ ತಿರುಗಿದರೆ ಅರ್ಧ, ಕೆಂಪಗಾದರೆ ಖಾಲಿ. ಮೀಟರು ಇತ್ತು, ಗಿರಾಕಿಗಳಿಗೆ ತೋರಿಸಲು. ನಾವು ನಂಬುತ್ತಿದ್ದದ್ದು ಬಲ್ಬನ್ನು.

ಅವರ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು, ಅದನ್ನು ಯಾರೂ ಮೀರುವಂತಿರಲಿಲ್ಲ. ಗಾಡಿಗೆ ಬ್ಯಾಟರಿ ಕಟ್ಟಿದವರೇ ಆ ಗಾಡಿಯಲ್ಲಿ ಕೂತು ಮೊದಲ ಸುತ್ತು ಹೋಗಿ ಬರಬೇಕು. ಆಟೋ ಆದರೆ ಆಟೋ, ಲಾರಿ ಆದರೆ ಲಾರಿ. ಯಾಕೆ ಎಂದು ಕೇಳಿದ್ದಕ್ಕೆ, “ಕಿವಿ ಅಂಗಡೀಲಿ ಇಟ್ಟು ಗಾಡಿ ಕಳಿಸ್ತೀಯಾ?” ಅಂದರು. ಕೂತು ಹೋದರೇ ಗೊತ್ತಾಗುವುದು. ಹಳ್ಳ ಬಂದಾಗ ವೈರು ಸಡಿಲವಾಗುತ್ತದೆಯೇ, ಲೈಟು ಹಾಕಿದಾಗ ಎಂಜಿನ್ನಿನ ಸದ್ದು ಬದಲಾಗುತ್ತದೆಯೇ, ಇದೆಲ್ಲ ಅಂಗಡಿಯ ಮೆಟ್ಟಿಲ ಮೇಲೆ ನಿಂತರೆ ತಿಳಿಯುವುದಿಲ್ಲ.

ಹೀಗೆ ನಾನು ಕೂರದ ಗಾಡಿಯಿಲ್ಲ. ಮದುವೆ ಬ್ಯಾಂಡಿನವರ ಲೈಟಿನ ಗಾಡಿಯ ಜೊತೆ ಬಸವನಗುಡಿವರೆಗೆ ಹೋಗಿ, ಹುಡುಗನ ಕಡೆಯವಳು ಎಂದುಕೊಂಡು ಅವರು ಕೊಟ್ಟ ಬಾದಾಮಿ ಹಾಲು ಕುಡಿದು ಬಂದಿದ್ದೇನೆ. ಒಂದು ಸಲ ಶವದ ಗಾಡಿಗೆ ಬ್ಯಾಟರಿ ಕಟ್ಟಿದೆ. ಅದು ನೇರ ಒಂದು ಮನೆಗೆ ಹೋಯಿತು. ನಾನೂ ಮುಂದೆ ಕೂತೇ ಇದ್ದೆ. ಹೆಣ ಹತ್ತಿಸಿದರು. ಒಬ್ಬಾಕೆ ಅಳುತ್ತಾ ಬಂದು ನನ್ನ ಕೈ ಹಿಡಿದು, “ನೀವು ಯಾರ ಕಡೆಯೋರಮ್ಮಾ?” ಅಂದಳು.

“ಬ್ಯಾಟ್ರಿ ಕಡೆಯೋಳಮ್ಮ,” ಅಂದೆ. ಬೇರೆ ಏನು ಹೇಳಲಿ? ಅವಳಿಗೆ ಅಳುವಿನಲ್ಲೂ ನಗು ಬಂತು. ಮಣ್ಣು ಮುಗಿಯುವ ತನಕ ಇದ್ದು ಅದೇ ಗಾಡಿಯಲ್ಲಿ ವಾಪಸು ಬಂದೆ. ಬ್ಯಾಟರಿ ಚೆನ್ನಾಗಿತ್ತು.

ಆಮೇಲೆ ಮುಚ್ಚಳವೇ ಇಲ್ಲದ ಬ್ಯಾಟರಿಗಳು ಬಂದವು. ನೀರು ಹಾಕುವ ಹಾಗಿಲ್ಲ, ಒಳಗೆ ಇಣುಕುವ ಹಾಗಿಲ್ಲ. ಉಸ್ತಾದರಿಗೆ ಅವು ಹಿಡಿಸಲಿಲ್ಲ. “ಬಾಯಿ ಹೊಲಿದಿರೋ ಮಗು,” ಅನ್ನುತ್ತಿದ್ದರು. ಅವರು ಹೋದ ಮೇಲೆ ಅವರ ಮಗ ಅಂಗಡಿಯನ್ನು ನನ್ನ ಕೈಗೆ ಬಿಟ್ಟ. ಆತನಿಗೆ ಹಣ್ಣಿನ ವ್ಯಾಪಾರದಲ್ಲಿ ಇಷ್ಟ. ಹಾಗೆ ನಡೆಯುತ್ತಿದ್ದಾಗ ಈ ಎಡಗೈಯವನು ಬಂದ.

ಅವನ ಹೆಸರು ಮುನಿರಾಜು. ಶ್ರೀರಾಂಪುರದವನು. ವೈಯಾಲಿಕಾವಲ್ ಹತ್ತಿರದ ಕೆರೆಯಲ್ಲಿ ಸಣ್ಣ ದೋಣಿಯಲ್ಲಿ ಹೋಗಿ ಪಾಚಿ, ಪ್ಲಾಸ್ಟಿಕ್ಕು, ಜನ ಎಸೆದ ಹೂವಿನ ಹಾರ ಎಲ್ಲ ಎತ್ತುವ ಕೆಲಸ. ಗುತ್ತಿಗೆದಾರರ ಆಳು. ಬಿದ್ದು ಬಲ ಭುಜ ಮುರಿದು, ಸರಿಯಾಗಿ ಕೂಡಿಕೊಂಡಿರಲಿಲ್ಲ. ಹುಟ್ಟು ಹಾಕಲು ಆಗುತ್ತಿರಲಿಲ್ಲ. ಅದಕ್ಕೇ ದೋಣಿಗೆ ಕರೆಂಟಿನ ಸಣ್ಣ ಮೋಟಾರು ಕೂರಿಸಿದ್ದರು.

ಮೊದಲು ಅದಕ್ಕೆ ಎರಡು ದೊಡ್ಡ ಸೀಸದ ಬ್ಯಾಟರಿ ಇಟ್ಟಿದ್ದರಂತೆ. ಆ ಭಾರಕ್ಕೆ ಪಾಚಿಯ ಭಾರವೂ ಸೇರಿ ದೋಣಿಯೊಳಗೆ ನೀರು ನುಗ್ಗುತ್ತಿತ್ತು. ಕೆರೆ ಸುತ್ತ ವಾಕಿಂಗ್ ಮಾಡುವವರೆಲ್ಲ ಸೇರಿ ಒಂದು ಲಿಥಿಯಂ ಕೊಡಿಸಿದರು. ದೋಣಿ ಹಗುರವಾಯಿತು. ಆದರೆ ಹೊಸ ತಾಪತ್ರಯ.

“ಚೆನ್ನಾಗೇ ಓಡ್ತಾ ಇರತ್ತೆ ಅಕ್ಕ. ಓಡ್ತಾ ಓಡ್ತಾ ಟಕ್ ಅಂತ ನಿಂತ್ಬಿಡತ್ತೆ. ಸದ್ದಿಲ್ಲ, ಸುದ್ದಿಲ್ಲ. ನಡು ಕೆರೇಲಿ ನಾನು ಬೆಪ್ಪನ ಥರ ಕೂತಿರ್ತೀನಿ. ವಾಕಿಂಗ್‌ನೋರು ವಿಡಿಯೋ ತೆಗೀತಾರೆ.”

“ಕೂತ್ಕೊಂಡು ಕೈ ಆಡ್ಸು, ವಿಡಿಯೋ ಚೆನ್ನಾಗ್ ಬರತ್ತೆ,” ಅಂದೆ.

ಅವನು ನಗಲಿಲ್ಲ. ಸೂಪರ್‌ವೈಸರ್ ಸಾಹೇಬರು ಶನಿವಾರ ಬಂದು ನೋಡುತ್ತಾರಂತೆ. ಅವತ್ತೂ ದೋಣಿ ನಡುವಲ್ಲಿ ನಿಂತರೆ, ಹುಟ್ಟು ಹಾಕುವ ಗಟ್ಟಿ ಆಳನ್ನು ದೋಣಿಗೆ ಇಟ್ಟು, ಇವನನ್ನು ಗೇಟಿಗೆ ಕೂರಿಸುತ್ತಾರಂತೆ.

“ಸಂಬಳ ಅಷ್ಟೇ ಅಲ್ವಾ? ಗೇಟಲ್ಲಿ ನೆರಳಿದೆ. ಕೂತ್ಕೋ,” ಅಂದೆ.

“ಅಕ್ಕ, ನಾನು ನೀರಿನ ಮೇಲೆ ಇದ್ದೋನು. ಗೇಟಲ್ಲಿ ಕೂರ್ಸಿ ಹೋಗೋ ಬರೋರ ಮುಖ ನೋಡು ಅಂದ್ರೆ ನಾನು ಸತ್ತಂಗೇ.”

ಅದು ನನಗೆ ಅರ್ಥವಾಯಿತು. ನನ್ನ ಮಗ ಕೂಡ “ಸಾಕು, ಮನೇಲಿ ಕೂರು” ಎಂದು ವರ್ಷವೆಲ್ಲ ಹೇಳುತ್ತಿದ್ದ. ಬ್ಯಾಟರಿ ಇಟ್ಟು ಹೋಗು ಅಂದೆ.

ನನ್ನ ಯೋಚನೆ ಸುಲಭದ್ದು. ಸೀಸದ ಬ್ಯಾಟರಿ ಹೇಳಿ ಸಾಯುತ್ತದೆ. ಮೊದಲು ಸದ್ದು ಇಳಿಯುತ್ತದೆ, ಆಮೇಲೆ ವೇಗ, ಆಮೇಲೆ ಜೀವ. ಈ ಲಿಥಿಯಂ ಹೇಳುವುದೇ ಇಲ್ಲ. ಅದರೊಳಗೊಂದು ಕಾವಲಿನ ಸರ್ಕ್ಯೂಟ್ ಇದೆ, ಚಾರ್ಜು ಇಷ್ಟಕ್ಕೆ ಇಳಿಯಿತು ಅಂದರೆ ಬಾಗಿಲು ಹಾಕಿಬಿಡುತ್ತದೆ. ಹಾಗಾದರೆ ಪಕ್ಕದಲ್ಲಿ ಒಂದು ಸಣ್ಣ ಸೀಸದ ಬ್ಯಾಟರಿಯನ್ನು ಜೋಡಿ ಕಟ್ಟಿಬಿಡೋಣ. ಇದು ನಿಂತಾಗ ಅದು ದಡ ಮುಟ್ಟಿಸುತ್ತದೆ. ಒಂದು ಸೋತರೆ ಇನ್ನೊಂದನ್ನು ಜೋಡಿ ಕಟ್ಟುವುದು ನಾವು ಜೀವಮಾನವೆಲ್ಲ ಮಾಡಿದ ಕೆಲಸ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು.

ಮಾರನೆಯ ದಿನ ಮುನಿರಾಜು ಜೊತೆ ವಿಶಾಲಾಕ್ಷಿ ಮೇಡಂ ಬಂದರು. ಅವರೂ ವಾಕಿಂಗ್ ಗುಂಪಿನವರು, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಹಳೆಯ ಗೇರಿನ ಸ್ಕೂಟರು ಓಡಿಸುತ್ತಿದ್ದರು. ಹೆಂಗಸರು ಆ ಸ್ಕೂಟರು ಓಡಿಸುವುದನ್ನು ನಾನು ಅವರಲ್ಲೇ ನೋಡಿದ್ದು.

“ನಿಂಗಮ್ಮ, ಎರಡನ್ನೂ ಒಟ್ಟಿಗೆ ಕಟ್ಟೋದು ಬೇಡ. ಸ್ವಭಾವ ಬೇರೆ ಬೇರೆ,” ಅಂದರು.

“ಗಂಡ ಹೆಂಡ್ತಿ ಸ್ವಭಾವ ಒಂದೇ ಇರತ್ತಾ ಮೇಡಂ? ಕಟ್ಟಲ್ವಾ?”

“ಕಟ್ತಾರೆ. ಆಮೇಲೆ ಏನಾಗತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

ಮುನಿರಾಜು ಮುಖ ಆಚೆ ತಿರುಗಿಸಿಕೊಂಡು ನಕ್ಕ. ಮೇಡಂ ಒಳ್ಳೆಯ ಮಾತುಗಾರರು. ಅವರು ಹೇಳಿದ್ದರಲ್ಲಿ ಎರಡು ಮಾತನ್ನು ಒಪ್ಪಿದೆ. ಲಿಥಿಯಂಗೆ ಅದರದ್ದೇ ಚಾರ್ಜರ್ ಹಾಕಬೇಕು, ಸೀಸದ್ದನ್ನು ಹಾಕಬಾರದು. ಪ್ರತಿ ಬ್ಯಾಟರಿಯ ಬಾಯಿಗೂ ಒಂದು ಫ್ಯೂಸ್ ಇರಬೇಕು. ಮೂರನೆಯದು, ಲಿಥಿಯಂ ತುಂಬಿದೆಯೇ ಎಂದು ಅದರ ಚಾರ್ಜರಿನಲ್ಲೇ ನೋಡಿ ಅಂದರು. ಅದಕ್ಕೆ ನಾನು ಬಲ್ಬು ಮುಟ್ಟಿಸಿದೆ. ಬೆಳ್ಳಗೆ ಉರಿಯಿತು. “ನೋಡಿ, ತುಂಬಿದೆ,” ಅಂದೆ. ಮೇಡಂ ನನ್ನ ಮುಖ ನೋಡಿ, ಸ್ಕೂಟರಿನ ಕೀಲಿ ತೆಗೆದುಕೊಂಡರು.

ಮಂಗಳವಾರ ಕೆರೆಗೆ ಹೋಗಿ ಎರಡನ್ನೂ ಜೋಡಿ ಕಟ್ಟಿದೆ. ಮೊದಲ ಸುತ್ತು ನಾನು ಕೂರಬೇಕಿತ್ತು. ಆದರೆ ಲೈಫ್ ಜಾಕೆಟ್ ಹಾಕದೆ ಯಾರೂ ದೋಣಿ ಹತ್ತುವ ಹಾಗಿಲ್ಲ, ಇದ್ದದ್ದು ಒಂದೇ ಜಾಕೆಟ್ಟು. ಅದೂ ಅಲ್ಲದೆ ನಾನು ಹುಟ್ಟಿದ ಮೇಲೆ ದೋಣಿ ಹತ್ತಿದವಳಲ್ಲ, ನೀರು ಕಂಡರೆ ಆಗುವುದಿಲ್ಲ. ಸಿಕ್ಕಿದ ನೆಪ ಸಾಕಾಯಿತು. ದಡದ ಬೆಂಚಿನ ಮೇಲೆ ಕೂತೆ.

“ಯಾಕಕ್ಕ, ನೀನ್ ಕಟ್ಟಿರೋದ್ರ ಮೇಲೆ ನಿಂಗೇ ನಂಬಿಕೆ ಇಲ್ವಾ?” ಎಂದು ಮುನಿರಾಜು ಕೂಗಿದ.

“ನಾನ್ ಹತ್ತಿದ್ರೆ ನಿನ್ ದೋಣಿ ಪಾಚಿ ಎತ್ತಲ್ಲ, ತಳದ ಕೆಸರು ಎತ್ತತ್ತೆ. ಹೋಗೋ.”

ಹೋದ. ಚೆನ್ನಾಗಿ ಹೋದ. ಬಹಳ ಹೊತ್ತು ನಿಲ್ಲಲೇ ಇಲ್ಲ. ನಾನು ಬೆಂಚಿನ ಮೇಲೆ ಕಡಲೆಕಾಯಿ ಬಿಡಿಸಿಕೊಂಡು ತಿಂದೆ. ಅವನು ಆಚೆ ಮೂಲೆಯ ಜೊಂಡಿನವರೆಗೆ ಹೋದ, ಅಲ್ಲಿ ದೋಣಿ ನಿಧಾನವಾಯಿತು. ಪಾಚಿ ಎಳೆಯುತ್ತಿದ್ದಾನೆ ಎಂದುಕೊಂಡೆ. ನೋಡಿದರೆ ನಿಂತೇ ಬಿಟ್ಟಿದೆ. ಎರಡೂ ಖಾಲಿ. ಒಂದು ಕೈಯಲ್ಲಿ ಹುಟ್ಟು ಹಾಕುತ್ತಾ, ಗುಂಡಗೆ ಸುತ್ತುತ್ತಾ, ಬಿಸಿಲು ನೆತ್ತಿಗೆ ಏರಿದ ಮೇಲೆ ದಡಕ್ಕೆ ಬಂದ. ಭುಜ ಊದಿತ್ತು. ದೋಣಿಯಿಂದ ಇಳಿದು ನನಗೆ ಬೆನ್ನು ಹಾಕಿ ಕೂತ.

ಆದದ್ದು ಇಷ್ಟು. ನನ್ನ ಬಲ್ಬು ಲಿಥಿಯಂ ಹತ್ತಿರ ಮೋಸ ಹೋಗಿತ್ತು. ಅದು ತುಂಬಿದ್ದರೂ ಬಲ್ಬು ಬೆಳ್ಳಗೆ, ಅರ್ಧಕ್ಕೆ ಇಳಿದಿದ್ದರೂ ಬೆಳ್ಳಗೆ, ಕೊನೆಯ ಗುಟುಕಿನವರೆಗೂ ಬೆಳ್ಳಗೆ. ನಾನು ತುಂಬಿದೆ ಅಂದದ್ದು ಅರ್ಧ ಖಾಲಿ. ಅದು ದೊಡ್ಡ ತಪ್ಪಲ್ಲ, ಚಾರ್ಜ್ ಮಾಡಿದರೆ ಹೋಗುತ್ತದೆ. ದೊಡ್ಡ ತಪ್ಪನ್ನು, ಅಷ್ಟರಲ್ಲಿ ಕೆರೆಗೆ ಬಂದಿದ್ದ ಮೇಡಂ ಹೇಳಿದರು: “ಲಿಥಿಯಂ ಇಳಿಯೋಕೆ ಶುರು ಆದ ತಕ್ಷಣ ಸೀಸದ್ದು ಸದ್ದಿಲ್ಲದೆ ಹೆಗಲು ಕೊಟ್ಟಿದೆ. ಯಾವಾಗ ಇದು ಮುಗೀತು, ಯಾವಾಗ ಅದು ಶುರು ಆಯ್ತು, ಇವನಿಗೆ ಗೊತ್ತೇ ಆಗಿಲ್ಲ. ಗೊತ್ತಾಗದೆ ಇನ್ನೂ ದೂರ ಹೋಗಿದಾನೆ.”

ಆ ಹೊತ್ತಿನಲ್ಲಿ ಮೋಟಾರಿನ ಸದ್ದು ಒಂದು ಎಳೆಯಷ್ಟಾದರೂ ಇಳಿದಿರಲೇಬೇಕು. ದೋಣಿಯಲ್ಲಿ ಕೂತಿದ್ದರೆ ನನ್ನ ಕಿವಿಗೆ ಬೀಳುತ್ತಿತ್ತು. ಕಿವಿ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಿತ್ತು.

ಮೇಡಂ ಮನೆಗೆ ಹೊರಟು ಸ್ಕೂಟರು ಒದ್ದರು. ಶುರುವಾಗಿ ಕೆಮ್ಮಿ ನಿಂತಿತು. ಬಗ್ಗಿ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಿ, ಇನ್ನೊಂದು ಸಲ ಒದ್ದರು. ಹತ್ತಿಕೊಂಡಿತು.

ಮುನಿರಾಜು ಎದ್ದು ನನ್ನ ಕಡೆ ತಿರುಗಿದ. “ನೋಡಕ್ಕ, ಆ ತಗಡಿನ ಸ್ಕೂಟ್ರಿಗೂ ರಿಸರ್ವ್ ಇದೆ. ನನ್ ದೋಣಿಗೆ ನೀನ್ ಕೊಟ್ಟಿದ್ದು ಏನು?”

ಬೈದದ್ದು ಅವನು, ಸರಿಯಾಗಿಯೇ ಬೈದ. ನಾನೂ ಮೇಡಮ್ಮೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೇಡಂ ಸ್ಕೂಟರು ಆರಿಸಿ ಇಳಿದರು.

ಸ್ಕೂಟರಿನಲ್ಲಿ ರಿಸರ್ವ್ ತಾನಾಗಿ ಬಂದರೆ ಅದು ರಿಸರ್ವೇ ಅಲ್ಲ. ಗಾಡಿ ನಿಲ್ಲಬೇಕು, ನಾವು ಕೈಯಾರೆ ತಿರುಗಿಸಬೇಕು. ತಿರುಗಿಸಿದ ಕೈಗೆ ನೆನಪಿರುತ್ತದೆ, ಇನ್ನು ನೇರ ಬಂಕಿಗೆ ಎಂದು. ನಾನು ಎರಡನ್ನೂ ಒಂದೇ ಪಾತ್ರೆಗೆ ಸುರಿದಿದ್ದೆ. ಬೇರೆ ಬೇರೆ ಇಟ್ಟು, ನಡುವೆ ಒಂದು ಹಿಡಿ ಇಡಬೇಕಿತ್ತು.

ಅಂಗಡಿಯ ಅಟ್ಟದಲ್ಲಿ ಹಳೆಯ ಚೇಂಜ್ ಓವರ್ ಸ್ವಿಚ್ಚಿತ್ತು. ಹಿಡಿ ಈ ಕಡೆ ಎಳೆದರೆ ಒಂದು ಬ್ಯಾಟರಿ, ಆ ಕಡೆ ಎಳೆದರೆ ಇನ್ನೊಂದು, ಎರಡೂ ಒಂದಕ್ಕೊಂದು ಮುಟ್ಟುವುದಿಲ್ಲ. ತಾಮ್ರದ ನಾಲಿಗೆಯನ್ನು ಉಜ್ಜಿ ಹೊಳಪಿಸಿದೆ. ಮೇಡಂ ಅದಕ್ಕೆ ನೀರು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆ ಮಾಡಿದರು, ಮನೆಯ ಉಪ್ಪಿನಕಾಯಿ ಡಬ್ಬಿ, ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗಿರಲಿಲ್ಲ. ಲಿಥಿಯಂ ಒಂದು ಕಡೆ, ಸಣ್ಣ ಸೀಸದ್ದು ಇನ್ನೊಂದು ಕಡೆ. ಹಿಡಿಯನ್ನು ಮುನಿರಾಜುವಿನ ಎಡಗೈಗೆ ಸಿಗುವ ಹಾಗೆ ಕೂರಿಸಿದೆ, ಬಲಗೈ ನಂಬುವ ಹಾಗಿರಲಿಲ್ಲ.

ಶುಕ್ರವಾರ ಜಗಳವಾಯಿತು. ಶನಿವಾರಕ್ಕೆ ಲಿಥಿಯಂ ಪೂರ್ತಿ ತುಂಬಿಸಬಾರದು, ನಡು ಕೆರೆಯಲ್ಲಿ ಅದು ನಿಲ್ಲುವಷ್ಟೇ ತುಂಬಿಸಬೇಕು ಎಂದೆ.

ಮೇಡಂ ಗಾಬರಿಯಾದರು. “ಸಾಹೇಬ್ರು ದಡದಲ್ಲಿ ನಿಂತು ನೋಡ್ತಿರುವಾಗ ಬೇಕಂತ ನಿಲ್ಲಿಸ್ತೀರಾ? ತುಂಬಿಸಿ ಕಳಿಸಿ. ಅವ್ರು ನೋಡಿ ಹೋಗ್ಲಿ. ಆಮೇಲೆ ಪರೀಕ್ಷೆ ಮಾಡೋಣ.”

“ಅವ್ರು ನೋಡಿ ಹೋದ್ಮೇಲೆ, ಇನ್ನೊಂದಿನ ನಿಂತ್ರೆ? ಆಗ ಯಾರ್ ಬರ್ತಾರೆ ನೋಡಕ್ಕೆ? ನಿಲ್ಲೋದನ್ನೂ ನೋಡ್ಲಿ, ನಿಂತಿದ್ದು ಹೊರಡೋದನ್ನೂ ನೋಡ್ಲಿ.”

“ಹೊರಡದಿದ್ರೆ?”

ಇಬ್ಬರೂ ಮುನಿರಾಜುವಿನ ಕಡೆ ತಿರುಗಿದೆವು. ಗೇಟಿಗೆ ಹೋಗುವವನು ಅವನು.

ಅವನು ಭುಜ ನೀವಿಕೊಂಡ. “ಅಕ್ಕ ಜೊತೆಗೆ ಕೂತ್ರೆ ಆಗ್ಲಿ. ಈ ಸಲ ಬೆಂಚಿಲ್ಲ,” ಅಂದ.

ಶನಿವಾರ ಮೇಡಂ ಎಲ್ಲಿಂದಲೋ ಇನ್ನೊಂದು ಜಾಕೆಟ್ ತಂದರು. ಅದರ ಬೆಲ್ಟು ನನ್ನ ಸುತ್ತ ಬರಲಿಲ್ಲ. ದಾರದಲ್ಲಿ ಕಟ್ಟಿದರು. ಸೀರೆ, ಅದರ ಮೇಲೆ ಖಾಕಿ ಶರ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು. ಮುನಿರಾಜು ಕೈ ಹಿಡಿದು ಹತ್ತಿಸಿದ. ದೋಣಿ ಒಂದು ಸಲ ತೂಗಿತು. ನನ್ನ ಬಾಯಲ್ಲಿ ಬಂದ ಮಾತನ್ನು ಮೊಮ್ಮಗಳು ಬರೆಯಲು ಬಿಡಲಿಲ್ಲ.

ಸಾಹೇಬರು ಬಂದು ದಡದಲ್ಲಿ ನಿಂತರು. ಹೊರಟೆವು. ನಾನು ಕಣ್ಣು ಮುಚ್ಚಿ ಮೋಟಾರು ಕೇಳುತ್ತಿದ್ದೆ. ಒಂದೇ ಸದ್ದು, ಒಂದೇ ಸಮ. ಅವನು ಪಾಚಿ ಎಳೆದು ದೋಣಿಗೆ ಹಾಕುತ್ತಿದ್ದ, ನನ್ನ ಕಾಲ ಮೇಲೂ ಹಾಕಿದ. ನಡು ನೀರಿಗೆ ಬಂದೆವು. ಸದ್ದು ಇಳಿಯಲಿಲ್ಲ, ಕೆಮ್ಮಲಿಲ್ಲ. ಟಕ್ ಎಂದು ನಿಂತಿತು.

ಅಷ್ಟು ನಿಶ್ಶಬ್ದ ನಾನು ಯಾವ ಗಾಡಿಯಲ್ಲೂ ಕೇಳಿರಲಿಲ್ಲ. ದಡದಲ್ಲಿ ವಾಕಿಂಗ್ ಮಾಡುವವರು ನಿಂತರು. ಮುನಿರಾಜುವಿನ ಬಲಗೈ ತಾನಾಗಿ ಹುಟ್ಟಿನ ಕಡೆ ಹೋಯಿತು. ವರ್ಷಗಳ ಅಭ್ಯಾಸ. ಭುಜ ಚುಚ್ಚಿತೇನೋ, ಮುಖ ಕಿವುಚಿದ. “ಎಡಗಡೆ ನೋಡೋ” ಎಂದು ನನ್ನ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ನಾಳೆ ನಾನು ದೋಣಿಯಲ್ಲಿ ಇರುವುದಿಲ್ಲ, ಅವನ ಕೈಯೇ ಕಲಿಯಬೇಕು. ನಾನು ದೋಣಿಯ ಅಂಚು ಹಿಡಿದು ಬಾಯಿ ಬಿಗಿದು ಕೂತೆ.

ದಡದಿಂದ ಸಾಹೇಬರು ಕೂಗಿದರು. “ಏಯ್, ಏನಾಯ್ತೋ? ಮತ್ತೆ ನಿಂತ್ಕೊಂತಾ?”

ಆಗ ಅವನ ಎಡಗೈ ಇಂಗಿನ ವಾಸನೆಯ ಡಬ್ಬಿಗೆ ಹೋಯಿತು. ಹಿಡಿ ಹಿಡಿದು ಆ ಕಡೆ ಎಳೆದ. ಮೋಟಾರು ಹೊರಟಿತು. ಮೊದಲಿನ ಸದ್ದಲ್ಲ, ಒಂದು ಮೆಟ್ಟಿಲು ಕೆಳಗಿನ ಸದ್ದು. ಅಂಗಡಿ ಸೇರಿದಾಗಿನಿಂದ ನನಗೆ ಗೊತ್ತಿರುವ ಸೀಸದ ಸದ್ದು.

“ರಿಸರ್ವ್‌ಗೆ ಬಂತು ಸಾರ್!” ಎಂದು ಮುನಿರಾಜು ಕೂಗಿದ.

“ಓ, ರಿಸರ್ವಾ?” ಸಾಹೇಬರಿಗೆ ಇನ್ನೇನೂ ವಿವರಿಸಬೇಕಾಗಲಿಲ್ಲ. “ಹಂಗಾದ್ರೆ ಸುತ್ತಬೇಡ, ನೇರ ಬಾ, ನೇರ ಬಾ!”

ನೇರ ಬಂದೆವು. ಮೇಡಂ ದಡದಲ್ಲಿ ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡು ನಿಂತಿದ್ದರು. ಸಾಹೇಬರು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮೂಸಿ, “ಇದೇನು ಊಟದ ವಾಸನೆ?” ಅಂದರು. ಆಮೇಲೆ ಮುನಿರಾಜುವಿಗೆ, “ನಾಳೆ ಆಚೆ ಮೂಲೆ ಜೊಂಡು ತೆಗಿ,” ಅಂದರು. ಗೇಟಿನ ಮಾತು ಎತ್ತಲಿಲ್ಲ. ಮುನಿರಾಜು ದೋಣಿಯೊಳಗೆ ಬಗ್ಗಿ, ಹುಟ್ಟನ್ನು ಎತ್ತಿ ತಳದ ಹಲಗೆಯ ಕೆಳಗೆ ಇಟ್ಟ.

ಹುಡುಗ ಹುಡುಗಿಯರೇ, ನಿಮಗೆ ಹೇಳುವುದು ಇಷ್ಟೇ. ಲಿಥಿಯಂಗೆ ನನ್ನ ಬಲ್ಬು ಮುಟ್ಟಿಸಬೇಡಿ, ಅದರ ಮಾತನ್ನು ಅದರ ಚಾರ್ಜರಿನಲ್ಲೇ ಕೇಳಿ. ಎರಡು ಜಾತಿಯ ಬ್ಯಾಟರಿಯನ್ನು ಕೂಡಿಸಬೇಕಾದರೆ ನಡುವೆ ಒಂದು ಹಿಡಿ ಇಡಿ. ಹಿಡಿ ಹಿಡಿಯುವವನ ಯಾವ ಕೈ ಗಟ್ಟಿ ಎಂದು ಮೊದಲು ನೋಡಿ. ಕಟ್ಟಿದ ಮೇಲೆ ಗಾಡಿಯಲ್ಲಿ ಕೂತು ಹೋಗಿ. ಬೆಂಚಿನ ಮೇಲೆ ಕೂರಬೇಡಿ.

ಆ ಶನಿವಾರದ ಮಾರನೆಯ ದಿನ, ಭಾನುವಾರ. ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ಅಂಗಡಿಗೆ ರಜೆ, ಆದರೂ ಖಾಕಿ ಶರ್ಟು ಹಾಕಿಕೊಂಡೆ. ಬಸ್ಸು ಹತ್ತಿ ಕೆರೆಗೆ ಹೋದೆ. ಮುನಿರಾಜು ದೋಣಿ ಬಿಚ್ಚುತ್ತಿದ್ದ.

“ಯಾಕಕ್ಕ, ಏನಾದ್ರೂ ಸಡಿಲ ಬಿಟ್ಟು ಹೋಗಿದ್ಯಾ? ಮೊದಲ್ನೇ ಸುತ್ತು ನಿನ್ನೇನೇ ಆಯ್ತಲ್ಲ.”

“ಅದು ಉಸ್ತಾದ್ರಿಗೆ. ಇದು ನಂಗೆ. ನೀನ್ ಮಾತು ಕಮ್ಮಿ ಮಾಡಿ ಕೈ ಹಿಡಿ,” ಎಂದು ದೋಣಿ ಹತ್ತಿ, ದಾರ ಕಟ್ಟಿಕೊಂಡು ಕೂತೆ.